ಮುಂಬೈಯ ಮನೆಯಲ್ಲಿ ಸಾಕಿರುವ ಚಿಂಚಿಲ್ಲಾ ಎಂಬ ಇಲಿಜಾತಿಯ ಪುಟ್ಟ ಪ್ರಾಣಿಯ ಧೂಳುಸ್ನಾನಕ್ಕೆ ಎಂಥ ಪಾತ್ರೆ ಸರಿ?

ಪ್ರಾಣಿ ಒಳಗೆ ಹೊರಳಾಡಿದರೂ ಮಗುಚದಷ್ಟು ಭಾರವಿರುವ, ಒಳಮೈ ನುಣುಪಾದ ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯೇ ಸರಿ. ಒಳಗೆ ಸುಮಾರು 25 ಸೆಂಟಿಮೀಟರ್ ಅಗಲವಿರಲಿ, ಬಾಯಿ 15 ಸೆಂಟಿಮೀಟರಿಗಿಂತ ಕಿರಿದಾಗುವುದು ಬೇಡ. ಊರಿನಿಂದ ತಂದ ಉಪ್ಪಿನಕಾಯಿ ಭರಣಿ ಭಾರವೇನೋ ಇರುತ್ತದೆ, ಆದರೆ ಅದರ ಬಾಯಿ ಸಾಲದು.

ಚಿಂಚಿಲ್ಲಾಕ್ಕೆ ನೀರಿನ ಬದಲು ಧೂಳಿನ ಸ್ನಾನ ಬೇಕಾಗುವುದಕ್ಕೆ ಕಾರಣ ಅದರ ತುಪ್ಪಳ. ಆಂಡೀಸ್ ಪರ್ವತಗಳ ಒಣಹವೆಗೆ ಹೊಂದಿಕೊಂಡ ಈ ಪ್ರಾಣಿಯ ಒಂದೊಂದು ರೋಮಕೂಪದಿಂದಲೂ 50ಕ್ಕೂ ಹೆಚ್ಚು ಕೂದಲು ಹುಟ್ಟುವುದರಿಂದ, ನೀರು ತಾಗಿದರೆ ಬುಡ ಬೇಗ ಒಣಗದೆ ಬೂಷ್ಟು ಹಿಡಿಯುವ ಭಯವಿರುತ್ತದೆ. ನಯವಾದ ಧೂಳಾದರೋ ಆ ದಟ್ಟಣೆಯೊಳಗೆ ಇಳಿದು ಜಿಡ್ಡನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಪಾತ್ರೆಗಿಳಿದ ಚಿಂಚಿಲ್ಲಾ ಮೊದಲು ಮೂಸಿ, ಮುಂಗಾಲಿನಿಂದ ಕೆದಕಿ, ಥಟ್ಟನೆ ಪಕ್ಕಕ್ಕೆ ಬಿದ್ದು ಗಿರ್ರನೆ ಹೊರಳುತ್ತದೆ. ಹಗುರವಾದ ಡಬ್ಬಿ ಉರುಳುವುದು ಆಗಲೇ.

ಪ್ಲಾಸ್ಟಿಕ್ ಖಂಡಿತ ಬೇಡ, ಏಕೆಂದರೆ ಕಡಿದು ನುಂಗಿದ ಚೂರು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಧಾರಾವಿಯ ಕುಂಭಾರವಾಡದಲ್ಲಿ ಸಿಗುವ ಮಣ್ಣಿನ ಕುಂಡ ನನಗೂ ಇಷ್ಟವೇ. ಆದರೂ ಮೆರುಗು ಹಚ್ಚದ ಮಣ್ಣು ನಮ್ಮ ಮಳೆಗಾಲದ ತೇವವನ್ನು ಎಳೆದುಕೊಳ್ಳುವುದರಿಂದ ಧೂಳು ಗಂಟುಗಟ್ಟುತ್ತದೆ.

ಕಡಲತೀರದ ಮರಳನ್ನು ತುಂಬಬೇಡಿ, ಅದು ಒರಟು. ಚಿಂಚಿಲ್ಲಾಕ್ಕೆಂದೇ ಮಾರುವ ಧೂಳನ್ನು ಮೂರು ನಾಲ್ಕು ಸೆಂಟಿಮೀಟರ್ ಹರಡಿ, 10–15 ನಿಮಿಷ ಬಿಟ್ಟು, ಪಾತ್ರೆಯನ್ನು ಗೂಡಿನಿಂದ ಹೊರತೆಗೆಯಿರಿ. ಅಲ್ಲೇ ಇಟ್ಟರೆ ಅದರಲ್ಲೇ ಮೂತ್ರ ಮಾಡುತ್ತದೆ. ಉಳಿದ ಧೂಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.