ಹುಬ್ಬಳ್ಳಿಯಲ್ಲಿ ನೀರಿನ ಬದಿಗೆ ಅಡ್ಡಾಡಲು ಒಳ್ಳೆಯ ಜಾಗ ಯಾವುದು? ಯಾವ ಹೊತ್ತಿಗೆ ಹೋಗಬೇಕು?

ಊರಲ್ಲಿ ಹೊಳೆ ದಂಡೆ ಮೇಲೆ ನಡೆದು ರೂಢಿ, ಹುಬ್ಬಳ್ಳಿಗೆ ಬಂದ ಮೇಲೆ ಅದೇ ತಪ್ಪಿಹೋಗಿದೆ ಎಂದು ಬರೆದಿದ್ದೀರಿ. ನಮ್ಮಲ್ಲಿ ಹೊಳೆ ಇಲ್ಲ ನಿಜ. ಉಣಕಲ್ ಕೆರೆ ಇದೆಯಲ್ಲ! ಧಾರವಾಡ ರಸ್ತೆಗೇ ಹತ್ತಿಕೊಂಡಿದೆ, ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬಂದು ಇಳಿದರಾಯ್ತು.

ನಾನು ಹೋಗುವುದು ಜಾಸ್ತಿ ಬೆಳಿಗ್ಗೆಯೇ. ಅವ್ವನಿಗೆ ಮೊಣಕಾಲು ನೋವು, ಡಾಕ್ಟರು ದಿನಾ ನಡೆಯಲು ಹೇಳಿದ್ದರು. ಮೊದಲ ವಾರ ನಾಲ್ಕು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಪರಿಚಯವೇ ಇಲ್ಲದ ಅಜ್ಜ ಒಬ್ಬರು ದಿನಾ ಎದುರಾಗಿ, "ಹಗೂರಕ ನಡೀರಿ ಅಕ್ಕಾರ, ಅವಸರ ಏನೈತಿ" ಅನ್ನುತ್ತಿದ್ದರು. ಈಗ ಅವ್ವನೇ ನನಗಿಂತ ಮುಂದೆ ಹೋಗುತ್ತಾಳೆ. ಆ ಹೊತ್ತಿಗೆ ನೀರುಕಾಗೆಗಳನ್ನು ನೋಡಿ. ಮುಳುಗೆದ್ದು ಬಂದು ಕಲ್ಲಿನ ಮೇಲೆ ಕೂತು, ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಹಿಡಿಯುತ್ತವೆ, ಒಗೆದ ಅಂಗಿ ಹರವಿದ ಹಾಗೆ. ಹತ್ತು ನಿಮಿಷ ಅಲುಗಾಡುವುದಿಲ್ಲ.

ಮಧ್ಯಾಹ್ನ ಬೇಡ. ನೆತ್ತಿ ಸುಡುತ್ತದೆ. ಅಷ್ಟೊತ್ತಿಗೆ ಬಂದಿದ್ದರೆ ಉಣಕಲ್ ಊರೊಳಗಿನ ಚಂದ್ರಮೌಳೇಶ್ವರ ಗುಡಿಗೆ ಹೋಗಿ. ಚಾಲುಕ್ಯರ ಕಾಲದ್ದು, ನಾಲ್ಕೂ ದಿಕ್ಕಿಗೆ ಬಾಗಿಲು. ಗಾಳಿ ಆಡುತ್ತದೆ, ಕಲ್ಲು ತಣ್ಣಗಿರುತ್ತದೆ.

ಸಂಜೆ ಮಾತ್ರ ತಪ್ಪಿಸಬೇಡಿ. ಐದೂವರೆಗೆಲ್ಲ ಏರಿ ಮೇಲಿರಿ. ಸೂರ್ಯ ಕೆರೆಯ ಆಚೆ ಇಳಿಯುತ್ತಾನೆ. ನೀರಿನ ನಡುವೆ ನಿಂತ ವಿವೇಕಾನಂದರ ಮೂರ್ತಿ ಮೆಲ್ಲಗೆ ಕಪ್ಪಾಗುತ್ತಾ ಬರುತ್ತದೆ, ಸುತ್ತಲಿನ ನೀರು ಕೆಂಪಾಗುತ್ತದೆ. ಮಾತಾಡುತ್ತಿದ್ದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ ಒಂದು ಪ್ಲೇಟು ಗಿರ್ಮಿಟ್ (ನಮ್ಮ ಕಡೆಯ ಮಸಾಲೆ ಚುರುಮರಿ), ಜೊತೆಗೆ ಮಿರ್ಚಿ ಭಜಿ. ಗಿರ್ಮಿಟ್ ಕೈಗೆ ಬಂದ ಕೂಡಲೇ ತಿನ್ನಿ, ತಡ ಮಾಡಿದರೆ ಚುರುಮರಿ ಮೆತ್ತಗಾಗುತ್ತದೆ.

ಒಂದು ಸಂಕಟದ ಮಾತೂ ಹೇಳಬೇಕು. ಕೆರೆಗೆ ಕೊಳಚೆ ನೀರು ಸೇರುತ್ತದೆ, ಅದನ್ನೇ ಉಂಡು ಅಂತರಗಂಗೆ ಎಂಬ ತೇಲುವ ಬಳ್ಳಿ ಬೆಳೆಯುತ್ತದೆ. ತೆಗೆಸುತ್ತಾರೆ, ಮತ್ತೆ ಹಬ್ಬುತ್ತದೆ. ಕೆಲವು ಸಲ ನೀರೇ ಕಾಣದಷ್ಟು ಹಸಿರು. ಕೊಳಚೆ ತಡೆಯದೆ ಬರೀ ಬಳ್ಳಿ ಕಿತ್ತರೆ ಏನು ಬಂತು? ಇಷ್ಟು ಜನ ಉಸಿರಾಡಲು ಬರುವ ಜಾಗ ಇದು. ನೀವೂ ಪ್ಲಾಸ್ಟಿಕ್ ಅಲ್ಲಿ ಬಿಡಬೇಡಿ, ದಯವಿಟ್ಟು.

ಕೆರೆಯಿಂದ ಹೊರಬೀಳುವ ಉಣಕಲ್ ನಾಲಾ ಊರ ನಡುವೆಯೇ ಹಾಯುತ್ತದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದರ ದಂಡೆಗೂ ಸ್ವಲ್ಪ ದೂರ ನಡೆಯುವ ದಾರಿ, ಸೈಕಲ್ ದಾರಿ ಮಾಡಿದ್ದಾರೆ. ಹೊಳೆ ದಂಡೆ ನೆನಪಾದರೆ ಅಲ್ಲೂ ಒಮ್ಮೆ ಹೋಗಿ ಬನ್ನಿ. ಆದರೆ ಮೊದಲ ಸಂಜೆ ಕೆರೆಗೇ ಬನ್ನಿ. ಈ ಭಾನುವಾರ ಅವ್ವ, ನಾನು ಅಲ್ಲೇ ಇರುತ್ತೇವೆ.