ಮರುವಾಯಿಯ ಸೈಫನ್, ತೋಟದ ಸೈಫನ್

ಪ್ರಶ್ನೆ: ಗುಡ್ಡದ ಕೆರೆಯಿಂದ ದಿಣ್ಣೆ ದಾಟಿಸಿ ಅಡಿಕೆ ತೋಟಕ್ಕೆ ಪೈಪಿನಲ್ಲಿ ನೀರು ಇಳಿಸುವುದನ್ನು ನಾವು ಸೈಫನ್ ಎನ್ನುತ್ತೇವೆ. ಮಗಳ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ಮರುವಾಯಿ (ಮರಳಿನಲ್ಲಿ ಹೂತು ಬದುಕುವ ಎರಡು ಚಿಪ್ಪಿನ ಜೀವಿ) ‘ಸೈಫನೇಟ್’ ಎಂದಿದೆ. ಎರಡೂ ಒಂದೆಯೇ? ಕನ್ನಡದಲ್ಲಿ ಏನೆನ್ನಬೇಕು?
– ಓದುಗರೊಬ್ಬರು, ಪೆರ್ಲ

ಉತ್ತರ: ಹೆಸರು ಒಂದೇ, ಕೆಲಸ ಬೇರೆ. ಗ್ರೀಕಿನ ಮೂಲ ಪದಕ್ಕೆ ಕೊಳವೆ ಎಂದಷ್ಟೇ ಅರ್ಥ. ನಿಮ್ಮ ಪೈಪಿನ ನೀರು ದಿಣ್ಣೆ ಹತ್ತಿ ಇಳಿಯುವುದು ಅದರ ಹೊರತುದಿ ಕೆರೆಯ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿರುವುದರಿಂದ. ಮರುವಾಯಿಗೆ ಆ ತಗ್ಗಿನ ಹಂಗಿಲ್ಲ. ಅದರ ಕಿವಿರುಗಳ ಮೇಲೆ ಬರಿಗಣ್ಣಿಗೆ ಕಾಣದ ರೋಮಗಳಿವೆ. ಅವು ಒಂದೇ ಸಮನೆ ಬಡಿಯುತ್ತಾ ನೀರನ್ನು ಒಳಗೆಳೆಯುತ್ತವೆ.

ಕಾಸರಗೋಡು ತಾಲೂಕಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿ ಸೋತಿದ್ದೆ. ಕೊನೆಗೊಮ್ಮೆ ಕುಂಬಳೆ ಹೊಳೆಯ ಅಳಿವೆಯಿಂದ ನಾಲ್ಕು ಜೀವಂತ ಮರುವಾಯಿಗಳನ್ನೂ ಅಲ್ಲಿಯದೇ ನೀರನ್ನೂ ತಂದು ಗಾಜಿನ ಬೋಗುಣಿಯಲ್ಲಿಟ್ಟೆ. ಎರಡು ಪೀರಿಯಡ್ ಕಳೆದರೂ ಅವು ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ ಒಂದು ಮಾತ್ರ ತುಸು ತೆರೆದು ಜೋಡಿ ಮೂತಿಗಳನ್ನು, ಅಂದರೆ ಸೈಫನ್‌ಗಳನ್ನು, ಹೊರಚಾಚಿತು. ಕೆಳಗಿನ ಮೂತಿಯ ಬಳಿ ಒಂದು ಹನಿ ಹಾಲು ಬಿಟ್ಟೆ. ಬಿಳಿಯ ಎಳೆ ಸುರುಳಿ ಸುತ್ತಿಕೊಂಡು ಒಳಗೆ ಹೋಯಿತು. ಮೇಲಿನ ಮೂತಿಯಿಂದ ಬಂದದ್ದು ಶೋಧಿಸಿದ ನೀರು. ಉಸಿರೂ ಊಟವೂ ಕೆಳಗಿನಿಂದ, ಕಸ ಮೇಲಿನಿಂದ. ಮೈಯೆಲ್ಲ ಮರಳಿನಲ್ಲಿ ಹೂತುಕೊಂಡು ಬದುಕುವ ಜೀವಿಗೆ ಬೇರೆ ದಾರಿಯಾದರೂ ಏನಿದೆ?

ಬಂಡೆಗೆ ಅಂಟಿ ಕೂರುವ ಸಿಂಪಿಗೆ ಈ ಏರ್ಪಾಡು ಬೇಡ, ಅದು ‘ಅಸೈಫನೇಟ್’, ಸೈಫನ್ ಇಲ್ಲದ್ದು. ಪಡನ್ನದಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿ, ಅಂದರೆ ನಮ್ಮ ಪಚ್ಚಿಲೆ, ನಡುವಿನದು: ನೀರು ಹೊರಬಿಡುವ ಕಂಡಿ ಮಾತ್ರ ಸ್ಪಷ್ಟ, ಒಳಬರುವ ಕಡೆ ಸರಿಯಾದ ಕೊಳವೆ ಇಲ್ಲ.

ಮಾಂಸ ತೆಗೆದ ಮರುವಾಯಿ ಚಿಪ್ಪಿನಲ್ಲೂ ಮೂತಿಗಳ ಗುರುತು ಉಳಿಯುತ್ತದೆ. ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಂಚಿಗೆ ಸಮಾನಾಂತರವಾಗಿ ಓಡುವ ಮಸುಕು ಗೆರೆಯೊಂದು ಹಿಂಬದಿಯಲ್ಲಿ ಸಣ್ಣ ಕೊಲ್ಲಿಯಂತೆ ಒಳಸರಿದಿರುತ್ತದೆ. ಮೂತಿಗಳನ್ನು ಒಳಗೆಳೆಯುವ ಸ್ನಾಯುಗಳು ಅಂಟಿಕೊಂಡಿದ್ದ ಜಾಗವದು. ಸಾಮಾನ್ಯವಾಗಿ ಮೂತಿ ಉದ್ದವಾದಷ್ಟೂ ಕೊಲ್ಲಿ ಆಳ. ಸಿಂಪಿಯಲ್ಲಿ ಇದನ್ನು ಹುಡುಕಬೇಡಿ.

ದೇವರಿಗೆ ಅಭಿಷೇಕ ಮಾಡುವಾಗ ಶಂಖದ ನೀರು ಧಾರೆಯಾಗಿ ಇಳಿಯುವ ಆ ಚೂಪು ತೋಡು ಕೂಡ ಸೈಫನ್ನಿನ ಮನೆಯೇ. ಜೀವವಿದ್ದಾಗ ಅದರೊಳಗಿಂದ ಮೆತ್ತನೆಯ ನಳಿಕೆ ಚಾಚಿಕೊಂಡಿರುತ್ತಿತ್ತು. ಇನ್ನು ಮಳೆಗಾಲದಲ್ಲಿ ಅಡಿಕೆ ಹಾಳೆಯಲ್ಲಿ ನಿಂತ ನೀರಿನಲ್ಲಿ ತಲೆಕೆಳಗಾಗಿ ನೇತಾಡುವ ಸೊಳ್ಳೆಮರಿಯ ಬಾಲದ ಕೊಳವೆಗೂ ಇದೇ ಹೆಸರು, ಆದರೆ ಅಲ್ಲಿ ಓಡಾಡುವುದು ನೀರಲ್ಲ, ಗಾಳಿ. ಮಲೇರಿಯಾ ಹರಡುವ ಅನಾಫಿಲಿಸ್‌ನ ಮರಿಗೆ ಆ ಕೊಳವೆ ಇಲ್ಲ. ಅದು ನೀರಿನ ಮೇಲ್ಮೈಗೆ ಮೈಚಾಚಿ ಮಲಗುತ್ತದೆ.

ಕನ್ನಡದಲ್ಲಿ ‘ಹೀರುಗೊಳವೆ’ ಎಂದರೆ ನಾನು ಒಪ್ಪಲಾರೆ. ಎರಡರಲ್ಲೊಂದು ಹೀರುವುದೇ ಇಲ್ಲ, ಉಗುಳುತ್ತದೆ. ನಾನು ‘ನಳಿಕೆ’ ಎಂದೇ ಕಲಿಸಿದೆ: ಒಳನಳಿಕೆ, ಹೊರನಳಿಕೆ. ಸೈಫನೇಟ್ ಎಂಬುದಕ್ಕೆ ‘ನಳಿಕೆಯುಳ್ಳ’ ಸಾಕು. ಮಗಳು ಪರೀಕ್ಷೆಯಲ್ಲಿ ಸೈಫನ್ ಎಂದೇ ಬರೆಯಲಿ. ಉತ್ತರಪತ್ರಿಕೆ ಯಾರ ಕೈಗೆ ಹೋಗುತ್ತದೋ.