ಓದುಗರ ಪ್ರಶ್ನೆ: ಒಂದೇ ಪದರದ ಸೂಪರ್‌ಕಂಡಕ್ಟರ್

ಪ್ರಶ್ನೆ: ನಿಯೋಬಿಯಂ ಡೈಸೆಲೆನೈಡ್ ಹರಳಿನಿಂದ ಅಂಟುಟೇಪಿನಲ್ಲಿ ಒಂಟಿ ಪದರ ಎಬ್ಬಿಸಿ ಅತಿವಾಹಕತೆ (ತಂಪಿನಲ್ಲಿ ವಿದ್ಯುತ್ ರೋಧ ಸೊನ್ನೆಯಾಗುವ ಗುಣ) ಅಳೆಯುವ ಆಸೆ. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ. ಗ್ಲವ್‌ಬಾಕ್ಸ್ (ಹೊರಗಾಳಿ ಸೇರದ, ಕೈಗವಸಿನ ಮೂಲಕ ಕೆಲಸ ಮಾಡುವ ಪೆಟ್ಟಿಗೆ) ಇಲ್ಲದೆ ಮಾಡಬಹುದೇ? ದ್ರವ ಸಾರಜನಕ ಸಾಕೇ?
– ಎಂ.ಎಸ್ಸಿ. ವಿದ್ಯಾರ್ಥಿಗಳು, ಕಲಬುರಗಿ

ಉತ್ತರ: ಎರಡೂ ಆಗದು. ಕಲಬುರಗಿಯ ಬಿಸಿಲಲ್ಲಿ ತೇವ ಕಡಿಮೆಯಾದೀತು, ಆಮ್ಲಜನಕ ಎಲ್ಲಿಗೆ ಹೋದೀತು? ದಪ್ಪ ಚೂರಿನ ಮೇಲ್ಮೈ ಆಕ್ಸೈಡ್ ಆದರೂ ಒಳಪದರಗಳು ಕರೆಂಟ್ ಒಯ್ಯುತ್ತವೆ. ಇರುವುದೇ ಒಂದು ಪದರವಾದರೆ ಅದು ಕೆಟ್ಟಲ್ಲಿಗೆ ಸ್ಯಾಂಪಲ್ ಮುಗಿಯಿತು. ಹಾಗಾಗಿ ಆಮ್ಲಜನಕ, ನೀರು ತಲಾ 1 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಭಾಗ) ಕಡಿಮೆಯಿರುವ ಗ್ಲವ್‌ಬಾಕ್ಸ್ ಬೇಕೇ ಬೇಕು. ಸಿಲಿಕಾನ್ ಬಿಲ್ಲೆಯ ಮೇಲೆ ಚಿನ್ನದ ಸಂಪರ್ಕಗಳನ್ನು ಮೊದಲೇ ಮಾಡಿಟ್ಟು, ಅವುಗಳ ಮೇಲೆ ಪದರ ಕೂರಿಸಿ, ಬೋರಾನ್ ನೈಟ್ರೈಡ್ ಚೂರಿನಿಂದ ಮುಚ್ಚಿದ ಮೇಲೆಯೇ ಹೊರತೆಗೆಯಿರಿ. ಗಾಳಿಗೆ ಬಿದ್ದ ಪದರದ ಮೇಲೆ ಆಮೇಲೆ ಚಿನ್ನ ಹಾಕಿದರೆ ನಡುವೆ ಆಕ್ಸೈಡ್ ಸಿಕ್ಕಿಕೊಂಡು ಸಂಪರ್ಕ ಕೈಕೊಡುತ್ತದೆ.

ಇನ್ನು ತಂಪಿನ ಮಾತು. ದಪ್ಪ ಹರಳು 7.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಒಂಟಿ ಪದರ ಸುಮಾರು 3ರಲ್ಲಿ. ದ್ರವ ಸಾರಜನಕ ನಿಲ್ಲುವುದು 77ರಲ್ಲಿ. ದ್ರವ ಹೀಲಿಯಂ ಕೂಡ 4.2ರಲ್ಲಿ ಕುದಿಯುವುದರಿಂದ, ಒಂಟಿ ಪದರಕ್ಕೆ ಅದರ ಆವಿಯನ್ನು ಪಂಪಿನಿಂದ ಎಳೆದು ಇನ್ನೂ ಇಳಿಸಬೇಕು.

ಸಾರಜನಕ ಮಾತ್ರ ಇದ್ದರೆ ಬಿಸ್ಕೊ-2212 (ಬಿಸ್ಮತ್, ಸ್ಟ್ರಾಂಷಿಯಂ, ಕ್ಯಾಲ್ಸಿಯಂ, ತಾಮ್ರಗಳ ಆಕ್ಸೈಡ್) ಹರಳು ತರಿಸಿ. ಇದೂ ಪದರದ ವಸ್ತುವೇ, ಟೇಪಿಗೆ ಏಳುತ್ತದೆ. ಆಮ್ಲಜನಕದ ಪ್ರಮಾಣ ಸರಿಯಿದ್ದರೆ 85–90 ಕೆಲ್ವಿನ್ ಆಸುಪಾಸಿನಲ್ಲೇ ರೋಧ ಬೀಳುತ್ತದೆ. ಚೂರು ದಪ್ಪವೇ ಇರಲಿ, ತೀರ ತೆಳುವಾದರೆ ಆಮ್ಲಜನಕ ಕಳೆದುಕೊಂಡು ಕೆಡುತ್ತದೆ. ನಾಲ್ಕು ತಂತಿ ಹಚ್ಚಿ: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್. ಎರಡೇ ತಂತಿಯಾದರೆ ಸಂಪರ್ಕದ ರೋಧವೂ ಸೇರಿ ಸೊನ್ನೆ ಕಾಣುವುದೇ ಇಲ್ಲ. ಕರೆಂಟಿನ ದಿಕ್ಕು ತಿರುಗಿಸಿ ಮತ್ತೆ ಅಳೆದು, ಎರಡು ವೋಲ್ಟೇಜ್‌ಗಳ ವ್ಯತ್ಯಾಸದ ಅರ್ಧ ಹಿಡಿಯಿರಿ; ತಾಪವ್ಯತ್ಯಾಸದಿಂದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಕಳೆದುಹೋಗುತ್ತದೆ. ವೋಲ್ಟೇಜ್ ತಂತಿ ಬಿಟ್ಟುಕೊಂಡಾಗಲೂ ಮೀಟರ್ ಸೊನ್ನೆ ತೋರಿಸಬಹುದು. ಮತ್ತೆ ಬಿಸಿಯಾಗುವಾಗ ರೋಧ ಅದೇ ತಾಪದಲ್ಲಿ ಮರಳಿದರೆ ಮಾತ್ರ ನಂಬಿ.

ಪ್ರಶ್ನೆ: ತೆಳು ಅತಿವಾಹಕ ಪದರಗಳಲ್ಲಿ ಎಷ್ಟು ತಂಪು ಮಾಡಿದರೂ ಅಲ್ಪ ರೋಧ ಉಳಿಯುತ್ತದಂತೆ. ಅದು ಹೊಸ ಲೋಹಸ್ಥಿತಿಯೇ?
– ಉಪನ್ಯಾಸಕಿ, ಬೀದರ್

ಉತ್ತರ: ಮೊದಲು ತಂತಿಗಳನ್ನು ಅನುಮಾನಿಸಿ, ಮೇಡಂ. ಕೋಣೆಯ ಬಿಸಿಯಲ್ಲಿರುವ ಉಪಕರಣಗಳಿಂದ ಅಧಿಕ ಆವರ್ತನದ ವಿದ್ಯುತ್ ಗದ್ದಲ ತಂತಿಗುಂಟ ಇಳಿದು ಪದರವನ್ನು ಕದಡುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ತಂತಿಗಳಿಗೆ ಅಧಿಕ ಆವರ್ತನ ತಡೆಯುವ ಲೋ-ಪಾಸ್ ಫಿಲ್ಟರ್ ಹಾಕಿದೊಡನೆ ಇಂಡಿಯಂ ಆಕ್ಸೈಡ್ ಮತ್ತು ನಿಯೋಬಿಯಂ ಡೈಸೆಲೆನೈಡ್ ತೆಳು ಪದರಗಳಲ್ಲಿ ಉಳಿದಿದ್ದ ರೋಧ ಮಾಯವಾಯಿತು. ಫಿಲ್ಟರ್ ಇಲ್ಲದ ಅಳತೆಯನ್ನು ಹೊಸ ಸ್ಥಿತಿಗೆ ಸಾಕ್ಷಿಯೆಂದು ನಾವು ಒಪ್ಪುವುದಿಲ್ಲ.